ಪಿಟಿಎಸ್‌ಡಿ ಇರುವ ಅಪ್ಪನನ್ನು ಮಾಜಿ ಸೈನಿಕರ ಯೋಗದ ಗುಂಪಿಗೆ ಕಳಿಸಬಹುದಾ?

ಸೇನೆಯಿಂದ ರಿಟೈರ್ ಆದ ಅಪ್ಪನಿಗೆ ಡಾಕ್ಟರು ಪಿಟಿಎಸ್‌ಡಿ (ಭಯಾನಕ ಘಟನೆಗಳ ನಂತರ ಮನಸ್ಸಲ್ಲಿ ಉಳಿದುಬಿಡುವ ಆಘಾತದ ಕಾಯಿಲೆ) ಅಂದಿದ್ದಾರೆ, ಯೋಗ-ಉಸಿರಾಟದ ಗುಂಪಿಗೆ ಕಳಿಸೋಣ ಅಂದರೆ ಅವರು ಬಾಯೇ ಬಿಡಲ್ಲ, ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ.

ಬಾಯಿ ಬಿಡದವರಿಗೇ ಇಂಥ ಗುಂಪು ಒಗ್ಗುತ್ತದೆ. ನಾನೂ ಕಾಶ್ಮೀರದಲ್ಲಿ ಡ್ಯೂಟಿ ಮಾಡಿ ಬಂದವನು. ಈಗ ಇಂಥದ್ದೊಂದು ಗುಂಪಿಗೆ ಹೋಗುತ್ತೇನೆ. ಅಲ್ಲಿ ಯಾರೂ "ಏನಾಯ್ತು ಹೇಳಿ" ಅನ್ನುವುದಿಲ್ಲ. ಸ್ವಲ್ಪ ನಡಿಗೆ, ಆಮೇಲೆ ಉಸಿರಾಟ, ಕೊನೆಗೆ ಚಹಾ. ಮಾತು ಬಂದರೆ ಚಹಾದ ಹೊತ್ತಿಗೇ ಬರುತ್ತದೆ. ಅದೂ ಪೆನ್ಷನ್, ಮೊಣಕಾಲು ನೋವಿನಿಂದ ಶುರುವಾಗಿ ತಾನಾಗೇ ನಿದ್ದೆಯ ವಿಷಯಕ್ಕೆ ಹೊರಳುತ್ತದೆ. ಒಬ್ಬರು "ರಾತ್ರಿ ಮೂರ್ನಾಲ್ಕು ಸಲ ಎದ್ದು ಚಿಲಕ ನೋಡ್ತೀನಿ" ಅಂದರು. ಉಳಿದವರು ನಕ್ಕು "ನಾವೂ ಅಷ್ಟೇ" ಅಂದರು. ಮನೆಯಲ್ಲಿ ಹೇಳಿದ್ದರೆ ಎಲ್ಲರೂ ಗಾಬರಿ ಬೀಳ್ತಿದ್ರು, ಅಲ್ವಾ?

ಆದರೆ ಎಲ್ಲ ಯೋಗ ಕ್ಲಾಸೂ ನಮಗೆ ಆಗಿಬರುವುದಿಲ್ಲ. ಶವಾಸನವೇ ಕಷ್ಟ! ಕಣ್ಣು ಮುಚ್ಚಿ ಅಂಗಾತ ಮಲಗಿದಾಗ ತಲೆಯ ಹಿಂದೆ ಯಾರೋ ಓಡಾಡಿದರೆ ಎದೆ ಹೊಡೆದುಕೊಳ್ಳುತ್ತದೆ. ತಿಳಿದ ಶಿಕ್ಷಕರು ಕಣ್ಣು ತೆರೆದೇ ಇರಲು ಬಿಡುತ್ತಾರೆ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರಬಹುದು. ಕೇಳದೆ ಮೈ ಮುಟ್ಟಿ ಭಂಗಿ ತಿದ್ದುವುದಿಲ್ಲ. ಸೇರಿಸುವ ಮೊದಲು ಇದನ್ನೆಲ್ಲ ವಿಚಾರಿಸಿ. ಮೈಕ್ ಹಾಕಿ ನೂರಾರು ಜನರಿಗೆ ಮಾಡಿಸುವ ಶಿಬಿರ ಅಂತೂ ಬೇಡ.

ಇದೇನು ಹೊಸದಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು 1970ರ ಸುಮಾರಿಗೇ ನ್ಯೂಯಾರ್ಕ್‌ನಲ್ಲಿ ಹೀಗೆ ಕೂಡಿ ಕೂರಲು ಶುರುಮಾಡಿದ್ದರು. ಪಿಟಿಎಸ್‌ಡಿ ಅಲ್ಲಿನ ಮನೋವೈದ್ಯರ ಕೈಪಿಡಿ ಸೇರಿದ್ದು 1980ರಲ್ಲಿ.

ಹಾಗಂತ ಮಾತ್ರೆ, ಕೌನ್ಸೆಲಿಂಗ್ ನಿಲ್ಲಿಸಬೇಡಿ. ಗುಂಪು ಅದರ ಜೊತೆಗೆ ಇರಬೇಕು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ಪಾಲಿಕ್ಲಿನಿಕ್‌ನಲ್ಲಿ ಮನೋವೈದ್ಯರಿಗೆ ರೆಫರಲ್ ಕೇಳಿ. ಕ್ಯಾಂಟೀನ್ ರಮ್ ಜಾಸ್ತಿ ಆಗ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ನಾಚಿಕೊಳ್ಳಬೇಡಿ (ನಮ್ಮಲ್ಲಿ ಅದು ಮಾಮೂಲು). ಸಾಯುವ ಮಾತು ಆಡಿದರೆ ಮಾತ್ರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ದಿನ ನೀವೂ ಜೊತೆಗೆ ಹೋಗಿ, ಆದರೆ ಹೊರಗೆ ಕೂತಿರಿ. ವಾಪಸ್ ಬರುವಾಗ "ಏನ್ ಮಾತಾಡಿದ್ರಿ ಅಪ್ಪಾ" ಅಂತ ಕೇಳಬೇಡಿ. ಮುಂದಿನ ವಾರ ಎಷ್ಟು ಗಂಟೆಗೆ ಅಂತ ಕೇಳಿ, ಸಾಕು.