ಹಕ್ಕಿಯ ಬಿಳಿ ಕಲೆ, ಮೀನಿನ ಬಾಯಾರಿಕೆ

ಓದುಗರ ಪತ್ರ: ‘ಹಕ್ಕಿಗಳು ಮೂತ್ರ ಮಾಡುವುದಿಲ್ಲ’ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವಕ್ಕೆ ಮೂತ್ರಪಿಂಡವೇ ಇಲ್ಲವೇ? ಅದನ್ನು ಓದಿದ ನನ್ನ ಮಗಳು, ‘ಸಮುದ್ರದ ಮೀನಿಗೆ ಬಾಯಾರುತ್ತದೆಯೇ?’ ಎಂದು ಇನ್ನೊಂದು ಪ್ರಶ್ನೆ ಎಸೆದಳು. ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ.

ಸಂಪಾದಕರ ಉತ್ತರ: ತಪ್ಪು ನಮ್ಮದೇ. ಹಕ್ಕಿಗೆ ಮೂತ್ರಪಿಂಡಗಳಿವೆ, ಮೂತ್ರವೂ ಇದೆ. ಹಿಕ್ಕೆಯ ಕಡುಬಣ್ಣದ ಭಾಗ ಮಲ. ಅದಕ್ಕೆ ಅಂಟಿಕೊಂಡ ಸುಣ್ಣದಂಥ ಬಿಳಿ ಭಾಗವೇ ಮೂತ್ರ. ಎರಡಕ್ಕೂ ಹೊರದಾರಿ ಒಂದೇ. ಲೇಖಕರು ಅಲ್ಲಿ ಎಡವಿದರು, ತಿದ್ದಬೇಕಾಗಿದ್ದ ನಾನೂ ಅವರ ಹಿಂದೆಯೇ ಎಡವಿದೆ.

ಆ ಬಿಳಿ ವಸ್ತು ಯೂರಿಕ್ ಆಮ್ಲ. ದೇಹ ಪ್ರೋಟೀನನ್ನು ಒಡೆದಾಗ ಅಮೋನಿಯಾ ಉಳಿಯುತ್ತದೆ. ಅದು ವಿಷ, ತೊಳೆದು ಕಳಿಸಲು ಧಾರಾಳ ನೀರು ಬೇಕು. ಸುತ್ತ ನೀರೇ ಇರುವ ಮೀನು ಅದರ ಬಹುಪಾಲನ್ನು ಕಿವಿರುಗಳ ಮೂಲಕ ಹೊರಬಿಟ್ಟು ನಿಶ್ಚಿಂತವಾಗಿರುತ್ತದೆ. ನೆಲದ ಮೇಲಿರುವ ನಮಗೆ ಆ ದುಂದುಗಾರಿಕೆ ಸಾಧ್ಯವಿಲ್ಲ. ನಮ್ಮ ಯಕೃತ್ತು ಅದನ್ನು ಕಡಿಮೆ ವಿಷದ ಯೂರಿಯಾ ಆಗಿ ಮಾರ್ಪಡಿಸುತ್ತದೆ. ಹಕ್ಕಿ ಇನ್ನೂ ಜಿಪುಣ. ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಗಟ್ಟಿ ಪೇಸ್ಟಿನಂತೆ ಹೊರಬೀಳುತ್ತದೆ. ಅದನ್ನು ತಯಾರಿಸಲು ಶಕ್ತಿ ಹೆಚ್ಚು ಖರ್ಚಾದರೂ ನೀರು ಉಳಿಯುತ್ತದೆ.

ಇಷ್ಟು ಜಿಪುಣತನವೇಕೆ? ಮೊಟ್ಟೆಯನ್ನು ನೆನೆಸಿಕೊಳ್ಳಿ. ಕೋಳಿಮರಿ ಸುಮಾರು 21 ದಿನ ಚಿಪ್ಪಿನೊಳಗೆ ಬಂದಿ. ಗಾಳಿ ಒಳಹೊರಗೆ ಆಡುತ್ತದೆ, ಆದರೆ ಕಸ ಎಸೆಯಲು ಬಾಗಿಲಿಲ್ಲ. ಎಲ್ಲವೂ ಅಮೋನಿಯಾ ಆಗಿಯೇ ಉಳಿದಿದ್ದರೆ ಮರಿ ತನ್ನ ವಿಷಕ್ಕೆ ತಾನೇ ಬಲಿಯಾಗುತ್ತಿತ್ತು. ಕರಗದ ಯೂರಿಕ್ ಆಮ್ಲವೋ ಹರಳುಗಟ್ಟಿ ಒಂದು ಪೊರೆಚೀಲದಲ್ಲಿ ಯಾರ ತಂಟೆಗೂ ಹೋಗದೆ ಕುಳಿತಿರುತ್ತದೆ. ಮರಿ ಹೊರಬಂದಾಗ ಚೀಲ ಚಿಪ್ಪಿನಲ್ಲೇ ಉಳಿಯುತ್ತದೆ. ಹಲ್ಲಿ, ಹಾವುಗಳದ್ದೂ ಹೆಚ್ಚುಕಡಿಮೆ ಇದೇ ದಾರಿ.

ಇನ್ನು ನಿಮ್ಮ ಮಗಳ ಪ್ರಶ್ನೆ. ನಮ್ಮ ಲೇಖನಕ್ಕಿಂತ ಅದೇ ಚೆನ್ನಾಗಿದೆ. ಮೀನಿಗೆ ಏನನ್ನಿಸುತ್ತದೆಂದು ಮೀನೇ ಹೇಳಬೇಕು. ಸಮುದ್ರದ ಮೀನು ನೀರು ಕುಡಿಯುವುದಂತೂ ನಿಜ. ಸಮುದ್ರದ ಉಪ್ಪು ಅದರ ರಕ್ತದ ಉಪ್ಪಿನ ಸುಮಾರು ಮೂರು ಪಟ್ಟು. ಹೀಗಾಗಿ ನೀರಿನಲ್ಲೇ ಇದ್ದರೂ ಅದರ ಮೈಯಿಂದ ನೀರು ಸದಾ ಸೋರುತ್ತಿರುತ್ತದೆ. ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರದೂಡುತ್ತದೆ. ಮೂತ್ರ ಅತ್ಯಲ್ಪ. ಸಮುದ್ರದ ನೀರಿಗಿಂತ ಉಪ್ಪಾದ ಮೂತ್ರ ತಯಾರಿಸಲು ನಮ್ಮ ಮೂತ್ರಪಿಂಡಗಳಿಗೆ ಆಗುವುದಿಲ್ಲ. ಆದ್ದರಿಂದಲೇ ಆ ನೀರು ಕುಡಿದಷ್ಟೂ ನಾವು ಒಣಗುತ್ತೇವೆ. ಹೊಳೆಯ ಮೀನಿನ ಕಷ್ಟ ತಿರುಗುಮುರುಗು: ನೀರು ತಾನಾಗಿಯೇ ಒಳನುಗ್ಗುವುದರಿಂದ ಅದು ಕುಡಿಯುವುದು ತೀರಾ ಕಡಿಮೆ, ತೆಳುಮೂತ್ರ ಮಾತ್ರ ಧಾರಾಳ.

ಶಾರ್ಕ್‌ನದ್ದು ಮಾತ್ರ ಬೇರೆಯೇ ಉಪಾಯ. ನಾವು ಹೊರಹಾಕುವ ಯೂರಿಯಾವನ್ನು ಅದು ರಕ್ತದಲ್ಲಿ ಕೂಡಿಟ್ಟುಕೊಂಡು ಸಮುದ್ರಕ್ಕೆ ಸರಿಸಮನಾಗಿ ನಿಲ್ಲುತ್ತದೆ. ಹಾಗಾಗಿ ಅದಕ್ಕೆ ಉಪ್ಪುನೀರು ಕುಡಿಯಬೇಕಾಗಿಯೇ ಇಲ್ಲ. ಸತ್ತ ಶಾರ್ಕ್‌ನ ಮಾಂಸ ಹಳಸಿದಂತೆ ಅಮೋನಿಯಾದ ಘಾಟು ಏಳುವುದು ಆ ಯೂರಿಯಾ ಒಡೆಯುವುದರಿಂದಲೇ.

—ಸಂ.