ಕೋವಿಡ್ ಕಾಲದಲ್ಲಿ ಮುಚ್ಚಿದ ಚರ್ಚು ತನ್ನ ಜನರನ್ನು ಹೇಗೆ ಜೊತೆಗಿಟ್ಟುಕೊಂಡಿತು, ಮತ್ತೆ ಹೇಗೆ ತೆರೆಯಿತು?

ಕೋವಿಡ್ ಸಮಯದಲ್ಲಿ ಹೊರದೇಶದ ಚರ್ಚುಗಳು ಜನರ ನಂಟನ್ನು ಹೇಗೆ ಉಳಿಸಿಕೊಂಡವು, ಮತ್ತೆ ಬಾಗಿಲು ತೆರೆಯುವಾಗ ಏನೇನು ಯೋಚಿಸಿದವು ಎಂದು ಕೇಳಿದ್ದೀರಿ. ನಿಮ್ಮೂರ ಚರ್ಚಿನ ಸಭೆಯಲ್ಲಿ ಕೆಲವು ಹಿರಿಯರು ಆಗಿನಿಂದ ಬರುವುದನ್ನೇ ಬಿಟ್ಟಿದ್ದಾರೆ ಎಂದೂ ಕೊನೆಗೆ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಾನು ಉಡುಪಿ ಕಡೆಯವಳು. ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಬೆಳೆದದ್ದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಮದುವೆಯಾದ ಮೇಲೆ ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ಬಂದೆ. ಇಲ್ಲಿ ನಾರ್ವೆ, ಸ್ವೀಡನ್, ಜರ್ಮನಿಯಿಂದ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ತುಂಬಾ ಇದ್ದಾರೆ. ಹಾಗಾಗಿ ಎಲ್ಲಿ ನೋಡಿದರೂ, ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರರ ದಾರಿ ಹಿಡಿದ ಲೂಥರನ್ ಚರ್ಚುಗಳೇ. ಮಿನಿಯಾಪೊಲಿಸ್ ಹತ್ತಿರದ ಒಂದು ಸಭೆಗೆ ನಾವು ಸೇರಿದೆವು. 2020ರಲ್ಲಿ ನಾನು ಅದರ ಆಡಳಿತ ಸಮಿತಿಯಲ್ಲಿದ್ದೆ. ನಾವು ಮಾಡಿದ್ದನ್ನು, ತಪ್ಪಿದ್ದನ್ನು, ಎರಡನ್ನೂ ಹೇಳುತ್ತೇನೆ.

ಬಾಗಿಲು ಮುಚ್ಚಿದ ಮೊದಲ ಭಾನುವಾರ ಮಾರ್ಚ್ 15. ಎರಡು ದಿನ ಮುಂಚೆ ಗವರ್ನರ್ ಟಿಮ್ ವಾಲ್ಜ್ ರಾಜ್ಯದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ್ದರು. ಖಾಲಿ ಬೆಂಚುಗಳ ಎದುರು ಪಾಸ್ಟರ್, ಆರ್ಗನ್ ನುಡಿಸುವವರು, ಫೋನ್ ಹಿಡಿದು ನಿಂತ ಒಬ್ಬ ಹುಡುಗ, ಇಷ್ಟೇ ಜನ. ಆರಾಧನೆ ಫೇಸ್‌ಬುಕ್‌ನಲ್ಲಿ ಹೋಯಿತು. ಕ್ಯಾಮೆರಾ, ಮೈಕು, ಹಾಡುಗಳನ್ನು ಪ್ರಸಾರ ಮಾಡಲು ಬೇಕಾದ ಅನುಮತಿ, ಇದೆಲ್ಲ ಒಂದೆರಡು ತಿಂಗಳಲ್ಲಿ ಸರಿಹೋಯಿತು. ಆ ಭಾಗ ಯಾರು ಬೇಕಾದರೂ ಕಲಿಯಬಹುದು.

ನಮ್ಮನ್ನು ನಿಜವಾಗಿ ಒಟ್ಟಿಗೆ ಇಟ್ಟಿದ್ದು ಫೋನ್ ಪಟ್ಟಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮಗೆ ಈಗಲೂ ಉಪಯೋಗಕ್ಕೆ ಬರುವುದು ಇದೇ.

ಫೇಸ್‌ಬುಕ್‌ನಲ್ಲಿ ಹಾಕಿದರೆ ಎಲ್ಲರಿಗೂ ತಲುಪಿದಂತೆ ಎಂದು ಮೊದಲ ವಾರ ಅಂದುಕೊಂಡಿದ್ದೆವು. ಎರಡನೇ ವಾರ ಸದಸ್ಯರ ಪುಸ್ತಕ ತೆಗೆದು ಒಂದೊಂದೇ ಮನೆ ನೋಡುತ್ತಾ ಹೋದಾಗ ಎದೆ ಧಸಕ್ಕೆಂದಿತು. 19 ಮನೆಗಳಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ಹೆಚ್ಚಿನವು ಒಂಟಿ ಹಿರಿಯರ ಮನೆ. ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದವರು ಅವರೇ. ಅವರನ್ನೇ ನಾವು ಮರೆತಿದ್ದೆವು.

ನಾವು 12 ಜನ ಕುಳಿತು ಮನೆಗಳನ್ನು ಹಂಚಿಕೊಂಡೆವು. ಕರೆ ವಾರಕ್ಕೊಮ್ಮೆ. ಅದೇ ದಿನ, ಅದೇ ಹೊತ್ತು, ಅದೇ ವ್ಯಕ್ತಿ. ಅದೇ ವ್ಯಕ್ತಿ ಯಾಕೆ ಎಂದರೆ, ಇಲ್ಲಿಯ ಹಳಬರು ಸಹಾಯ ಕೇಳುವವರಲ್ಲ. ಮೊದಲೆರಡು ಸಲ "ಚೆನ್ನಾಗಿದ್ದೇನೆ, ನೀನು ಹೇಗಿದ್ದೀ" ಎಂದು ಮಾತು ಮುಗಿಸುತ್ತಾರೆ. ನಿಜ ಹೊರಗೆ ಬರುವುದು ಪರಿಚಯ ಬೆಳೆದ ಮೇಲೆ. ನನ್ನ ಪಟ್ಟಿಯಲ್ಲಿ 91 ವರ್ಷದ ಒಬ್ಬ ಅಜ್ಜಿ ಇದ್ದರು. ಬುಧವಾರ ಸಂಜೆ 4ಕ್ಕೆ ಅವರ ಸರದಿ. ನಾಲ್ಕನೇ ಬುಧವಾರ ಹವಾಮಾನದ ಮಾತಿನ ನಡುವೆ, ಬಿಪಿ ಮಾತ್ರೆ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದೇನೆ ಎಂದರು. ಮುಗಿದರೆ ತಂದುಕೊಡಿ ಎಂದು ಯಾರನ್ನೂ ಕೇಳಬೇಕಾಗದಿರಲಿ ಅಂತ! ಆ ಸಂಜೆಯೇ ನಮ್ಮ ಯುವಕರಲ್ಲಿ ಒಬ್ಬ ಮಾತ್ರೆ ತಂದು ಬಾಗಿಲ ಹೊರಗೆ ಇಟ್ಟು ಬಂದ. ಮರುವಾರ ಅವನು ಹೋದಾಗ ಮೆಟ್ಟಿಲ ಮೇಲೆ ಅವನ ಹೆಸರು ಬರೆದ ಒಂದು ಜಾಮ್ ಬಾಟಲಿ ಕಾದಿತ್ತು.

ಜೂಮ್ ಮೀಟಿಂಗಿಗೆ ಮಾಮೂಲಿ ಟೆಲಿಫೋನಿನಿಂದಲೂ ಸೇರಬಹುದು ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಒಂದು ನಂಬರ್ ಒತ್ತಿ, ಮೀಟಿಂಗ್ ಸಂಖ್ಯೆ ಒತ್ತಿದರೆ ಸಾಕು. ಆ ಎರಡು ನಂಬರನ್ನು ದಪ್ಪ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದು ಅಂಚೆಯಲ್ಲಿ ಕಳಿಸಿದೆವು. ಪಾಸ್ಟರ್ ಮಾಡುವ ಪ್ರಸಂಗವನ್ನೂ (ಪ್ರವಚನ) ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ, ಕೆಳಗೆ ಕೈಬರಹದಲ್ಲಿ ಒಂದು ಸಾಲು ಬರೆದು ಕಳಿಸುತ್ತಿದ್ದೆವು. ಆ ಸಾಲನ್ನೇ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿಕೊಂಡವರೂ ಇದ್ದರು.

ಏಪ್ರಿಲ್ 12ರ ಈಸ್ಟರ್ ಕಷ್ಟವಾಯಿತು. ಯೇಸುವಿನ ಕೊನೆಯ ಊಟವನ್ನು ನೆನೆದು ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಲೂಥರನ್ನರಿಗೆ ಬರೀ ನೆನಪಿನ ಆಚರಣೆಯಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನು ನಿಜವಾಗಿ ಇದ್ದಾನೆ ಎಂದು ನಂಬುವವರು ನಾವು. ಹಾಗಿರುವಾಗ ಪರದೆಯ ಮುಂದೆ ಕುಳಿತು ಅವರವರ ಮನೆಯ ರೊಟ್ಟಿಯನ್ನು ತಿನ್ನಬಹುದಾ? ನಮ್ಮ ಸಭೆ ಸೇರಿದ, ಅಮೆರಿಕದ ಲೂಥರನ್ ಚರ್ಚುಗಳ ಒಕ್ಕೂಟವಾದ ಇ.ಎಲ್.ಸಿ.ಎ.ಯ ಆಗಿನ ಅಧ್ಯಕ್ಷ ಬಿಷಪ್ ಎಲಿಜಬೆತ್ ಈಟನ್ ಅವಸರ ಬೇಡ, ಸ್ವಲ್ಪ ಕಾಲ ಇದರಿಂದ ಉಪವಾಸ ಇರೋಣ ಎಂಬ ಸಲಹೆ ಕೊಟ್ಟಿದ್ದರು. ಕೆಲವು ಸಭೆಗಳು ಬೇರೆ ದಾರಿ ಹಿಡಿದವು. ನಾವು ಕಾದೆವು. ಅದು ಸರಿ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆ ಈಸ್ಟರ್ ದಿನ ಫೋನಿನಲ್ಲಿ ಅಜ್ಜಿ ಅತ್ತದ್ದನ್ನು ಮರೆತಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಮೇ ತಿಂಗಳಲ್ಲಿ ಇಲ್ಲಿ ದೊಡ್ಡ ಚರ್ಚೆ ಎದ್ದಿತು. ಅಂಗಡಿಗಳು ತೆರೆಯುತ್ತಿವೆ, ಚರ್ಚಿಗೆ ಮಾತ್ರ ಯಾಕೆ 10 ಜನರ ಮಿತಿ ಎಂದು ರಾಜ್ಯದ ಕ್ಯಾಥೊಲಿಕ್ ಬಿಷಪ್ಪರು, ಜೊತೆಗೆ ಲೂಥರನ್ನರಲ್ಲೇ ಇನ್ನೊಂದು ಪಂಗಡವಾದ ಮಿಸ್ಸೌರಿ ಸಿನಡ್‌ನವರು ಕೇಳಿದರು. ಅನುಮತಿ ಸಿಗದಿದ್ದರೂ ತೆರೆಯುತ್ತೇವೆ ಎಂದರು. ಮೇ 23ರಂದು ಗವರ್ನರ್ ಒಪ್ಪಿದರು. ಕಟ್ಟಡದಲ್ಲಿ ಹಿಡಿಸುವ ಜನರ ಶೇಕಡಾ 25, ಗರಿಷ್ಠ 250 ಜನ. ಅವರ ಪ್ರಶ್ನೆಯಲ್ಲಿ ನ್ಯಾಯ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅನುಮತಿ ಸಿಕ್ಕ ತಕ್ಷಣ ತೆರೆಯಲೇಬೇಕು ಅಂತೇನೂ ಇಲ್ಲ, ಅಲ್ವಾ?

ನಮ್ಮ ಸಮಿತಿಯ ಸಭೆ ಜೂಮ್‌ನಲ್ಲಿ ಮೂರು ಗಂಟೆ ನಡೆಯಿತು. ಕೆಲವರಿಗೆ ಸಿಟ್ಟು ಬಂತು. "ಹೆದರಿಕೊಂಡು ಬಾಗಿಲು ಹಾಕಿದರೆ ನಂಬಿಕೆ ಎಲ್ಲಿ ಉಳಿಯಿತು" ಎಂದರು ಒಬ್ಬರು. ಆಗ ಪಾಸ್ಟರ್ ಲೂಥರರದ್ದೇ ಒಂದು ಬರಹವನ್ನು ಓದಿದರು. 1527ರಲ್ಲಿ ಅವರಿದ್ದ ಜರ್ಮನಿಯ ವಿಟೆನ್‌ಬರ್ಗ್ ಊರಿಗೆ ಪ್ಲೇಗ್ ಬಂದಾಗ ವಿಶ್ವವಿದ್ಯಾಲಯವನ್ನು ಯೇನಾ ಊರಿಗೆ ಸಾಗಿಸಿದರು. ಲೂಥರರಿಗೂ ಹೊರಡಿ ಎಂದು ಅಪ್ಪಣೆಯಾಯಿತು. ಅವರು ಹೋಗಲಿಲ್ಲ. ಹೆಂಡತಿ ಕಾತರೀನಾ ಬಸುರಿ, ಮನೆ ತುಂಬಾ ರೋಗಿಗಳು. ಆ ಸಮಯದಲ್ಲೇ ಬ್ರೆಸ್ಲೌ ಊರಿನ ಪಾಸ್ಟರ್ ಯೋಹಾನ್ ಹೆಸ್ ಅವರಿಗೆ ಒಂದು ಉದ್ದದ ಪತ್ರ ಬರೆದರು. ಪ್ಲೇಗ್ ಬಂದಾಗ ಕ್ರೈಸ್ತನು ಓಡಿಹೋಗಬಹುದಾ ಎಂಬುದೇ ಅಲ್ಲಿಯ ಪ್ರಶ್ನೆ. ಬೇರೆಯವರನ್ನು ನೋಡಿಕೊಳ್ಳುವ ಹೊಣೆ ಇರುವವನು ಬಿಟ್ಟು ಹೋಗಬಾರದು ಎನ್ನುತ್ತಾರೆ ಲೂಥರ್. ಅದೇ ಉಸಿರಿನಲ್ಲಿ, ಔಷಧಿ ಬೇಡ ಎನ್ನುವವನು, ಎಚ್ಚರವಿಲ್ಲದೆ ಎಲ್ಲ ಕಡೆ ಓಡಾಡುವವನು ದೇವರನ್ನು ಪರೀಕ್ಷಿಸುತ್ತಿದ್ದಾನೆ ಎಂದೂ ಹೇಳುತ್ತಾರೆ. ನೆರೆಯವನಿಗೆ ನನ್ನ ಅಗತ್ಯವಿಲ್ಲದ ಕಡೆ ನಾನು ಹೋಗುವುದಿಲ್ಲ, ಅಗತ್ಯವಿದ್ದರೆ ಹಿಂಜರಿಯದೆ ಹೋಗುತ್ತೇನೆ ಎಂಬುದು ಅವರ ತೀರ್ಮಾನ.

ಓದಿ ಮುಗಿದ ಮೇಲೆ ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಒಬ್ಬ ಸದಸ್ಯೆ ಮಾತಾಡಿದರು. "ಚರ್ಚು ತೆರೆದರೆ ನಾನು ಬರಲಾರೆ. ಬಂದರೆ ಮಾರನೇ ದಿನ ಆ ಹಿರಿಯರನ್ನು ಮುಟ್ಟಲಾರೆ" ಎಂದರು. ಅಲ್ಲಿಗೆ ವಾದ ನಿಂತಿತು. ನಮ್ಮಲ್ಲಿ ಎಲ್ಲರಿಗಿಂತ ದುರ್ಬಲರಾದವರು ಯಾವಾಗ ಬರಬಲ್ಲರೋ ಆಗ ಒಳಗಿನ ಆರಾಧನೆ ಶುರು ಮಾಡೋಣ ಎಂದು ತೀರ್ಮಾನಿಸಿದೆವು. ಎರಡು ಕುಟುಂಬಗಳು ಬೇಜಾರಾಗಿ ಬೇರೆ ಸಭೆಗೆ ಹೋದವು. ಆ ನೋವು ಇನ್ನೂ ಇದೆ.

ಅದೇ ವಾರ, ಮೇ 25ರಂದು, ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದವರ ಕೊಲೆ ಪೊಲೀಸರಿಂದಾಯಿತು. ಅದರ ವಿರುದ್ಧ ಎದ್ದ ಪ್ರತಿಭಟನೆ, ಗಲಭೆಯಲ್ಲಿ ಅಲ್ಲಿಯ ಲೇಕ್ ಸ್ಟ್ರೀಟ್ ಸುತ್ತ ಅಂಗಡಿಗಳು ಸುಟ್ಟುಹೋದವು. ಜನರಿಗೆ ಹಾಲು, ಅಕ್ಕಿ, ಮಕ್ಕಳ ಡೈಪರ್ ಸಿಗದಂತಾಯಿತು. ಅಲ್ಲಿಯ ಹೋಲಿ ಟ್ರಿನಿಟಿ ಲೂಥರನ್ ಚರ್ಚು ಗಾಯಾಳುಗಳ ಆರೈಕೆಗೆ ಬಾಗಿಲು ತೆರೆಯಿತು. ನಾವೂ ನಮ್ಮ ಬಾಗಿಲು ತೆರೆದೆವು, ಸಾಮಾನು ಶೇಖರಿಸಲು. ಎರಡೂವರೆ ತಿಂಗಳ ಮೇಲೆ ನಾನು ಚರ್ಚಿನ ಒಳಗೆ ಕಾಲಿಟ್ಟದ್ದು ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ಅಕ್ಕಿ ಮೂಟೆ ಹಿಡಿದು. ನಮ್ಮ ಚರ್ಚು ಮತ್ತೆ ತೆರೆದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ದಿನ.

ಬೇಸಿಗೆಯಲ್ಲಿ ಪಾರ್ಕಿಂಗ್ ಜಾಗದಲ್ಲಿ ಆರಾಧನೆ ನಡೆಯಿತು. ಲೈಸೆನ್ಸ್ ಬೇಡದ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಇಟ್ಟೆವು. ಅದು ಸುಮಾರು 200 ಅಡಿಯವರೆಗೆ ಕೇಳಿಸುತ್ತದೆ. ಜನ ಕಾರಿನಲ್ಲೇ ಕುಳಿತು ರೇಡಿಯೋದಲ್ಲಿ ಕೇಳಿದರು, ಆಮೆನ್ ಎನ್ನುವಲ್ಲಿ ಹಾರ್ನ್ ಹೊಡೆದರು. ಮುಚ್ಚಳ ಇರುವ ಪುಟ್ಟ ಲೋಟದಲ್ಲಿ ರೊಟ್ಟಿ ಮತ್ತು ರಸ ಕೊಟ್ಟು ಕರ್ತನ ಭೋಜನವೂ ನಡೆಯಿತು. ಅಕ್ಟೋಬರ್ ಬಂತು, ಚಳಿ ಶುರುವಾಯಿತು, ಮತ್ತೆ ಎಲ್ಲರೂ ಪರದೆಯ ಮುಂದೆ.

ಹಾಡಿನ ವಿಷಯ ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಮಂಗಳೂರು, ಉಡುಪಿಯ ನಮ್ಮ ಸಭೆಗಳಲ್ಲಿ ಒಂದೇ ಹಾಡನ್ನು ನಾಲ್ಕು ಬೇರೆ ಬೇರೆ ದನಿಗಳ ಧಾಟಿಯಲ್ಲಿ ಒಟ್ಟಿಗೆ ಹಾಡುವುದನ್ನು ಬಾಸೆಲ್‌ನಿಂದ ಬಂದವರು ಕಲಿಸಿಹೋದರು. ನಾನು ಆಲ್ಟೋ, ಅಂದರೆ ಹೆಂಗಸರ ತಗ್ಗಿದ ದನಿಯ ಧಾಟಿ, ಹಾಡುತ್ತಾ ಬೆಳೆದವಳು. ಇಲ್ಲಿ ಮೊದಲ ಭಾನುವಾರ ಪಕ್ಕದ ಬೆಂಚಿನವರು ಪುಸ್ತಕ ನೋಡದೆ ಟೆನರ್ (ಗಂಡಸರ ಏರು ದನಿಯ ಧಾಟಿ) ಹಿಡಿದಾಗಲೇ ಇದು ನನ್ನ ಸಭೆ ಅನ್ನಿಸಿತ್ತು. ಆದರೆ 2020ರ ಮಾರ್ಚ್ 10ರಂದು ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಒಂದು ಗಾಯನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದವರು 61 ಜನ. ಅವರಲ್ಲಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಹಾಡುವಾಗ ನಾವು ಬಿಡುವ ಉಸಿರೇ ಅಪಾಯ ಎಂದು ಅದರಿಂದ ತಿಳಿಯಿತು. ಕೈ ತೊಳೆಯಬಹುದು, ದೂರ ಕೂರಬಹುದು. ಹಾಡದೆ ಹೇಗೆ ಇರುವುದು? ಆ ವರ್ಷ ಕ್ರಿಸ್ಮಸ್ ಹಿಂದಿನ ರಾತ್ರಿ ಪ್ರತಿಯೊಬ್ಬರೂ ಮನೆಯ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿ, ಆರ್ಗನ್ ಕೇಳುತ್ತಾ ಒಬ್ಬೊಬ್ಬರೇ ಹಾಡಿಕೊಂಡೆವು.

2021ರ ವಸಂತದ ಹೊತ್ತಿಗೆ ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಲಸಿಕೆ ಸಿಕ್ಕಿತು. ಮೇ 23, ಪೆಂತೆಕೋಸ್ತ್ ಹಬ್ಬದ ದಿನ ಒಳಗೆ ಸೇರಿದೆವು. ಯಾರೂ ಕೂರದಂತೆ ಒಂದು ಬೆಂಚು ಬಿಟ್ಟು ಒಂದಕ್ಕೆ ಉಣ್ಣೆ ದಾರ ಕಟ್ಟಿದ್ದೆವು. ತೆರೆಯಲು ಬರುವ ಕಿಟಕಿಗಳೆಲ್ಲ ತೆರೆದಿದ್ದವು. ಮಾಸ್ಕ್ ಹಾಕಿಕೊಂಡೇ ಒಂದೇ ಒಂದು ಹಾಡು ಹಾಡಿದೆವು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅರ್ಧ ಜನರ ದನಿ ಕಟ್ಟಿಹೋಗಿತ್ತು, ಆರ್ಗನ್ ಒಂದೇ ಮುಂದುವರಿಯಿತು.

ಎಲ್ಲರೂ ವಾಪಸ್ ಬರಲಿಲ್ಲ. ಕೆಲವರು ತೀರಿಕೊಂಡಿದ್ದರು. ಕೆಲವರಿಗೆ ಆ ಒಂದು ವರ್ಷದಲ್ಲಿ ಕಾಲಿನ ಶಕ್ತಿ ಹೋಗಿತ್ತು. ಇನ್ನು ಕೆಲವರಿಗೆ, ಇಷ್ಟು ದಿನ ಬಾರದೆ ಈಗ ಹೋದರೆ ಯಾರು ಏನು ಅಂದುಕೊಳ್ಳುತ್ತಾರೋ ಎಂಬ ಸಂಕೋಚ. ಈ ಕೊನೆಯ ಕಾರಣ ನಿಮ್ಮ ಹಿರಿಯರಲ್ಲೂ ಇರಬಹುದು, ವಿಚಾರಿಸಿ ನೋಡಿ. "ಯಾಕೆ ಬರುತ್ತಿಲ್ಲ" ಎಂದು ಮಾತ್ರ ಕೇಳಬೇಡಿ. ಸುಮ್ನೆ ಮನೆಗೆ ಹೋಗಿ, ಅಥವಾ ಫೋನ್ ಮಾಡಿ, ಮಾತ್ರೆ ಇದೆಯಾ, ಮೊಣಕಾಲು ಹೇಗಿದೆ ಎಂದು ಕೇಳಿ. ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಮಾಡಿ. ಆಟೋ ಬೇಕಾದವರಿಗೆ ಆಟೋ ಮಾಡಿಕೊಡಿ. ಬರಲಾಗದವರ ಮನೆಗೆ ತಿಂಗಳಿಗೊಮ್ಮೆಯಾದರೂ ಕರ್ತನ ಭೋಜನ ಹೋಗುವಂತೆ ನಿಮ್ಮ ಪಾಸ್ಟರ್ ಹತ್ತಿರ ಮಾತಾಡಿ.

ನಮ್ಮ ಆ ಟೆಲಿಫೋನ್ ನಂಬರ್ ಇವತ್ತಿಗೂ ನಡೆಯುತ್ತಿದೆ. ಭಾನುವಾರ ಆರು ಜನ ಅದರಲ್ಲಿ ಸೇರುತ್ತಾರೆ. ಗಂಟೆ ಹೊಡೆಯುವ ಐದು ನಿಮಿಷ ಮುಂಚೆ ನಾನು ಅವರ ದನಿಯನ್ನು ಸ್ಪೀಕರಿಗೆ ಹಾಕುತ್ತೇನೆ. ಬೆಂಚಿನಲ್ಲಿ ಕುಳಿತವರು ಒಬ್ಬೊಬ್ಬರ ಹೆಸರು ಹಿಡಿದು ಶುಭೋದಯ ಹೇಳುತ್ತಾರೆ, ಅವರೂ ತಿರುಗಿ ಹೇಳುತ್ತಾರೆ. ಆಮೇಲೆ ಗಂಟೆ ಹೊಡೆಯುತ್ತೇವೆ.