ಇತಿಹಾಸ ಓದಿದವರಿಗೆ ಫಿಸಿಕ್ಸ್ ಒಲಿಯುತ್ತಾ?

ಪ್ರಶ್ನೆ: ಮಗಳು ಬಿ.ಎ. ಇತಿಹಾಸ ಮುಗಿಸಿದ್ದಾಳೆ. ಈಗ ಫಿಸಿಕ್ಸ್ ಓದ್ತೀನಿ ಅಂತ ಹಟ. ಹೀಗೆ ದಾರಿ ಬದಲಿಸಿದವರು ಯಾರಾದರೂ ಇದ್ದಾರಾ ಸಾರ್?
– ಒಬ್ಬ ತಾಯಿ, ಮಲ್ಲೇಶ್ವರ, ಬೆಂಗಳೂರು

ಉತ್ತರ: ಇದ್ದಾರಮ್ಮ, ಅದೂ ನೊಬೆಲ್ ಪಡೆದವರು! ಫ್ರಾನ್ಸಿನ ಲೂಯಿ ದ ಬ್ರೋಯ್. ನಮ್ಮ ಕಾಲೇಜುಗಳಲ್ಲಿ ‘ಡಿ ಬ್ರಾಗ್ಲಿ’ ಅಂತೀವಿ. ನಾನೂ ಬಸವನಗುಡಿಯಲ್ಲಿ ಪಾಠ ಮಾಡುವಾಗ ಹಾಗೇ ಹೇಳುತ್ತಿದ್ದೆ.

1892ರಲ್ಲಿ ಹುಟ್ಟಿದ ಇವರು ಮೊದಲು ಪದವಿ ಪಡೆದದ್ದು ಇತಿಹಾಸದಲ್ಲೇ. ಆದರೆ ಅಣ್ಣ ಮೊರೀಸ್ ಪ್ಯಾರಿಸ್ಸಿನ ಮನೆಯಲ್ಲೇ ಲ್ಯಾಬ್ ಇಟ್ಟುಕೊಂಡು ಎಕ್ಸ್-ರೇ ಪ್ರಯೋಗ ಮಾಡುತ್ತಿದ್ದರು. ಆ ಗಾಳಿ ತಮ್ಮನಿಗೂ ಬೀಸಿತು. 1913ಕ್ಕೆ ವಿಜ್ಞಾನದಲ್ಲೂ ಪದವಿ. ಅಷ್ಟರಲ್ಲಿ ಮಹಾಯುದ್ಧ, ಐಫೆಲ್ ಗೋಪುರದ ವೈರ್‌ಲೆಸ್ ಕೇಂದ್ರದಲ್ಲಿ ಸೈನ್ಯದ ಕೆಲಸ.

1924ರ ಪಿಎಚ್.ಡಿ. ಪ್ರಬಂಧದಲ್ಲಿ, ಪರಮಾಣುವಿನೊಳಗಿನ ಪುಟ್ಟ ಕಣವಾದ ಎಲೆಕ್ಟ್ರಾನ್ ಕೂಡ ಅಲೆಯ ಹಾಗೆ ವರ್ತಿಸುತ್ತದೆ ಎಂದರು. ಮೇಷ್ಟ್ರು ಲಾಂಜೆವಾ ಅದನ್ನು ಐನ್‌ಸ್ಟೈನ್‌ಗೆ ಕಳಿಸಿದರು. ಅವರು ಮೆಚ್ಚಿಕೊಂಡರು. 1927ರಲ್ಲಿ ಪ್ರಯೋಗದ ಸಾಕ್ಷಿ, 1929ರಲ್ಲಿ ನೊಬೆಲ್. ಆಮೇಲೆ 1962ರವರೆಗೂ ಪ್ಯಾರಿಸ್ಸಿನಲ್ಲಿ ಪಾಠ.

ನಮ್ಮ ಲ್ಯಾಬಿನಲ್ಲಿ ಎಲೆಕ್ಟ್ರಾನಿನ ಈ ಅಲೆಯ ಗುಣವನ್ನು ಕಣ್ಣಾರೆ ತೋರಿಸುತ್ತಿದ್ದೆ. ಕತ್ತಲೆ ಕೋಣೆ, ಗಾಜಿನ ಬುರುಡೆ, ಅದರ ಮೇಲೆ ಎಲೆಕ್ಟ್ರಾನ್ ಅಲೆಗಳು ಮೂಡಿಸುವ ಎರಡು ಹಸಿರು ಉಂಗುರ. ವೋಲ್ಟೇಜ್ ಏರಿಸಿದರೆ ಉಂಗುರ ಕುಗ್ಗುತ್ತದೆ. ಹಿಂದಿನ ಬೆಂಚಿನವರೂ ಆಗ ಸುಮ್ನಾಗಿಬಿಡುತ್ತಿದ್ದರು!

ಒಂದು ಮಾತು. ಇಲ್ಲಿ ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕಾಗುತ್ತದೆ, ವಿಚಾರಿಸಿ. ಅಷ್ಟರಲ್ಲಿ ಮಗಳ ಕೈಗೆ ಗಣಿತದ ಪುಸ್ತಕ ಕೊಡಿ.